ನೆಲದಲ್ಲಿ ಬೀಳುತ್ತಿದ್ದ ತವಸಿಮುತ್ತು

ತವಸಿಮುತ್ತು ಮರದಿಂದ ಬಿದ್ದವನಲ್ಲ. ತಿರುಚೆಂದೂರಿನ ಈಚೆಗೆ, ತೇರಿಯ ಕೆಂಪು ಮರಳುದಿಬ್ಬಗಳ ಮೇಲೆ ನಿಂತ ಯಾವ ತಾಳೆಮರವೂ ಅವನನ್ನು ಕೆಳಕ್ಕೆ ಒಗೆದಿರಲಿಲ್ಲ. ಅವನು ಬಿದ್ದದ್ದು ಬಾವಿಕಟ್ಟೆಯ ಮೇಲೆ, ಹಾಡಹಗಲಿನಲ್ಲಿ, ಮುಖ ತೊಳೆಯುವಾಗ.

ಬೆಳಗಿನ ಸರದಿ ಮುಗಿಸಿ, ಮೈಯ ಬೆವರಿಗೆ ಅಂಟಿದ ಮರದ ಹೊಟ್ಟು ತೊಳೆದುಕೊಳ್ಳಲು ಬಂದಿದ್ದ. ಎರಡು ಕಾಲು ಜೋಡಿಸಿ ನಿಂತು, ಚೊಂಬಿನಿಂದ ತಲೆಯ ಮೇಲೆ ನೀರು ಸುರಿದುಕೊಂಡು ಕಣ್ಣು ಮುಚ್ಚಿದ. ಮುಚ್ಚಿದ್ದೇ ತಡ, ಕಡಿದ ಕಂಬದಂತೆ ಪಕ್ಕಕ್ಕೆ ವಾಲಿ ಭುಜ ಊರಿ ಬಿದ್ದ. ನೀರು ಸೇದುತ್ತಿದ್ದ ಹೆಂಗಸರು ಹಗ್ಗ ಬಿಟ್ಟು ಓಡಿ ಬಂದರು. ಅವನು ಎದ್ದು ಕೂತದ್ದು ನೋಡಿ ಅವರಲ್ಲೊಬ್ಬಳು ಸೆರಗು ಬಾಯಿಗೆ ಹಿಡಿದು ನಕ್ಕಳು.

ಅವನ ಹೆಂಡತಿಯ ತಮ್ಮ ಸುಯಂಬು ಅಲ್ಲೇ ಕತ್ತಿ ಮಸೆಯುತ್ತ ಕುಳಿತಿದ್ದ. ತಲೆ ಎತ್ತದೆಯೇ ಕೇಳಿದ:

"ಏನ್ ಭಾವ, ಸುಣ್ಣ ಖಾಲಿಯಾಯ್ತಾ?"

ಬಾವಿಕಟ್ಟೆಯೆಲ್ಲ ನಕ್ಕಿತು. ಆ ಮಾತಿನ ಮುಳ್ಳು ಎಲ್ಲಿ ಚುಚ್ಚುತ್ತದೆಂದು ಅಲ್ಲಿದ್ದ ಮಕ್ಕಳಿಗೂ ಗೊತ್ತು. ಹೊಂಬಾಳೆಗೆ ಕಟ್ಟುವ ಮಡಕೆಯ ಒಳಗೆ ಸುಣ್ಣ ಬಳಿದರೆ ಇಳಿಯುವುದು ಸಿಹಿಯಾದ ನೀರಾ. ಅದನ್ನು ಕಾಯಿಸಿದರೆ ಬೆಲ್ಲ. ಸುಣ್ಣ ಬಳಿಯದೆ ಬಿಟ್ಟರೆ ಬಿಸಿಲೇರುವಷ್ಟರಲ್ಲಿ ಅದೇ ನೀರಾ ಹುಳಿದು ಹೆಂಡ. ಅದು ಪಾನನಿಷೇಧದ ಕಾಲ. ಹಿಂದಿನ ವರ್ಷ ಒಬ್ಬನ ಮಡಕೆಯಲ್ಲಿ ಸುಣ್ಣವಿಲ್ಲದ್ದು ಸಿಕ್ಕಿ, ಪೊಲೀಸರು ಇಡೀ ತೋಪಿಗೇ ಬೇಲಿ ಹಾಕಿ, ಬೇಸಗೆ ಪೂರ್ತಿ ಊರಿನ ಒಲೆಗಳು ತಣ್ಣಗಿದ್ದವು.

ತವಸಿಮುತ್ತುವೂ ಎಲ್ಲರೊಡನೆ ನಕ್ಕ. ಆದರೆ ಒಳಗೆ ಹೆದರಿದ್ದ. ಬಿದ್ದದ್ದಕ್ಕಲ್ಲ, ಬೀಳುತ್ತಿದ್ದೇನೆಂದು ತನಗೆ ಗೊತ್ತೇ ಆಗಲಿಲ್ಲವಲ್ಲ ಎಂಬುದಕ್ಕೆ. ಕಾಲು ಜಾರಿದವನಿಗೆ ಜಾರುವ ಕ್ಷಣದಲ್ಲಿ ಹೊಟ್ಟೆಯೊಳಗೆ ಒಂದು ಝಲ್ಲೆನ್ನುವುದಿಲ್ಲವೇ, ಅದೂ ಆಗಿರಲಿಲ್ಲ. ನೆಲ ಬಂದು ಭುಜಕ್ಕೆ ಬಡಿದ ಮೇಲೆಯೇ ತಾನು ನಿಂತಿಲ್ಲ ಎಂದು ಅವನಿಗೆ ತಿಳಿದದ್ದು.

ಹೋದ ವರ್ಷ ಅವನಿಗೆ ಕ್ಷಯವಾಗಿತ್ತು. ಕೆಮ್ಮಿದರೆ ರಕ್ತ. ಪಟ್ಟಣದ ಹೊರವಲಯದ ಆಸ್ಪತ್ರೆಯಲ್ಲಿ ಮಳೆಗಾಲ ಕಳೆಯುವ ತನಕ ಮಲಗಿ, ದಿನದಿನವೂ ಸೂಜಿ ಚುಚ್ಚಿಸಿಕೊಂಡ. ಅಕ್ಕಪಕ್ಕದ ಹಾಸಿಗೆಯವರಲ್ಲಿ ಕೆಲವರು ಮುಖದ ಮೇಲೆ ಹೊದಿಕೆ ಎಳೆಸಿಕೊಂಡು ಹೊರಗೆ ಹೋದರು. ಅವನು ತನ್ನ ಕಾಲಿನಲ್ಲಿ ನಡೆದು ಹೊರಗೆ ಬಂದ. ಆ ಔಷಧಿಯೇ ಅವನನ್ನು ಉಳಿಸಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬರುವಾಗ ಅವನ ಕಿವಿಯಲ್ಲಿ ಜೀರುಂಡೆಯ ಸದ್ದು ಹೊಕ್ಕಿತ್ತು, ಕಾಲಡಿಯ ನೆಲ ದೋಣಿಯಾಗಿತ್ತು. ನಡೆಯತೊಡಗಿದರೆ ಎದುರಿನ ಮರ, ಮನೆ, ಮನುಷ್ಯರ ಮುಖ ಎಲ್ಲವೂ ಹೆಜ್ಜೆ ಹೆಜ್ಜೆಗೂ ಕುಣಿಯುತ್ತಿದ್ದವು. ನಿಂತರೆ ಮಾತ್ರ ಮುಖ ಮುಖವಾಗುತ್ತಿತ್ತು. ದಾರಿಯಲ್ಲಿ ಎದುರಾದವರನ್ನು ಗುರುತಿಸದೆ ಹೋಗುತ್ತಾನೆಂದು, ಆಸ್ಪತ್ರೆಯ ಅನ್ನ ತಿಂದು ಬಂದವನಿಗೆ ಜಂಬ ಬಂದಿದೆ ಎಂದು ಊರಿನವರು ಆಡಿಕೊಂಡರು.

ಆಶ್ಚರ್ಯವೆಂದರೆ, ಮರದ ಮೇಲೆ ಇದೊಂದೂ ಇರಲಿಲ್ಲ. ಕಾಲಿಗೆ ನಾರಿನ ಬಳೆ ಸಿಕ್ಕಿಸಿ, ಎದೆಯ ಚರ್ಮದ ಪಟ್ಟಿಯನ್ನು ಕಾಂಡಕ್ಕೆ ಒತ್ತಿ, ಎರಡು ತೋಳಿನಿಂದ ಮರವನ್ನು ತಬ್ಬಿದ ಕೂಡಲೇ ಲೋಕ ತನ್ನ ಜಾಗಕ್ಕೆ ಬಂದು ನಿಲ್ಲುತ್ತಿತ್ತು. ಬೆಳಕಿದ್ದರೆ ಸಾಕು, ಹಳೆಯ ತವಸಿಮುತ್ತುವೇ. ಅದಕ್ಕೇ ಅವನು ಬೇರೆಯವರಂತೆ ಕೋಳಿ ಕೂಗುವ ಮೊದಲು ಹೊರಡದೆ, ಮೂಡಣ ಬೆಳ್ಳಗಾಗುವ ತನಕ ಏನಾದರೂ ನೆಪ ಹೇಳಿ ತಡಮಾಡುತ್ತಿದ್ದ. ತಡವಾಗಿ ಏಳುವವನು, ನಡೆದರೆ ತೂರಾಡುವವನು, ಗುರುತಿನವರನ್ನು ಮಾತಾಡಿಸದವನು. ಊರಿನ ಲೆಕ್ಕದಲ್ಲಿ ಇವಕ್ಕೆಲ್ಲ ಒಂದೇ ಅರ್ಥ.

ಬಾವಿಕಟ್ಟೆಯ ಸುದ್ದಿ ಅವನ ಹೆಂಡತಿ ಅನ್ನಪಳಂಗೆ ಅವನಿಗಿಂತ ಮೊದಲೇ ಮುಟ್ಟಿತ್ತು. ಅವಳು ತೋಪಿನ ನಡುವಿನ ಗರಿಯ ಗುಡಿಸಲಿನಲ್ಲಿ ನೀರಾ ಕಾಯಿಸುತ್ತಿದ್ದಳು. ಬೇಸಗೆಯ ಮಟ್ಟಿಗೆ ಅದೇ ಅವರ ಮನೆ. ಒಲೆಗೆ ಗರಿ ಒಟ್ಟುತ್ತ, ಕುಡಿದಿದ್ದೀಯಾ ಎಂದು ಅವಳು ಕೇಳಲಿಲ್ಲ. ಆಸ್ಪತ್ರೆಯಿಂದ ಬಂದಾಗಿನಿಂದ ಅವನು ಕತ್ತಲಾದ ಮೇಲೆ ಗುಡಿಸಲಿನ ಗೋಡೆ ಸವರಿಕೊಂಡು ಓಡಾಡುವುದನ್ನೂ, ನಿದ್ದೆಗಣ್ಣಿನಲ್ಲಿ ಎದ್ದರೆ ಅವಳ ಹೆಗಲು ಹುಡುಕುವುದನ್ನೂ ಅವಳು ನೋಡುತ್ತಲೇ ಇದ್ದಳು. ಮರುದಿನ ಒಲೆಯನ್ನು ತಮ್ಮನ ಹೆಂಡತಿಗೆ ಒಪ್ಪಿಸಿ, ಗಂಡನನ್ನು ಬಸ್ಸಿಗೆ ಹತ್ತಿಸಿಕೊಂಡು ಅದೇ ಆಸ್ಪತ್ರೆಗೆ ಹೋದಳು.

ಅಲ್ಲಿನ ಡಾಕ್ಟರು ವಯಸ್ಸಾದವರು, ಸಾವಧಾನದ ಮನುಷ್ಯ. ತವಸಿಮುತ್ತುವನ್ನು ಕಾಲು ಜೋಡಿಸಿ ನಿಲ್ಲಿಸಿ, ತಾವು ಹಿಂದೆ ನಿಂತು, ಕಣ್ಣು ಮುಚ್ಚು ಎಂದರು. ಅವನು ಮುಚ್ಚಿದ, ವಾಲಿದ, ಅವರ ತೋಳಿಗೆ ಬಿದ್ದ. ಇನ್ನೊಮ್ಮೆ ನಿಲ್ಲಿಸಿ, ಈ ಸಲ ಅವನ ಒಂದು ಬೆರಳನ್ನು ಮೇಜಿನ ಅಂಚಿಗೆ ಮುಟ್ಟಿಸಿದರು. ಊರಬೇಡ, ಸುಮ್ಮನೆ ಸೋಕಿಸು ಎಂದರು. ಕಣ್ಣು ಮುಚ್ಚಿದರೂ ಅವನು ನಿಂತೇ ಇದ್ದ. ಅನ್ನಪಳಂ ಆ ಬೆರಳನ್ನೇ ನೋಡುತ್ತಿದ್ದಳು.

ಆಮೇಲೆ ಡಾಕ್ಟರು ಅವರಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಮೈ ಎಲ್ಲಿದೆ, ನೆಟ್ಟಗಿದೆಯೋ ವಾಲಿದೆಯೋ ಎಂದು ಮೆದುಳಿಗೆ ತಾನಾಗಿಯೇ ಗೊತ್ತಾಗುವುದಿಲ್ಲ. ಅದು ಕತ್ತಲ ಕೋಣೆಯಲ್ಲಿ ಕುಳಿತ ಪಂಚಾಯಿತಿಯ ಹಿರಿಯನ ಹಾಗೆ. ಅದರ ಬಳಿಗೆ ಮೂರು ಜನ ಸಾಕ್ಷಿ ಹೇಳುವವರು ಬರುತ್ತಾರೆ. ಒಂದು ಕಣ್ಣು. ಇನ್ನೊಂದು ಅಂಗಾಲು, ಮೊಣಕಾಲು, ಚರ್ಮ. ಮೂರನೆಯದು ಕಿವಿಯ ಆಳದಲ್ಲಿರುವ ಹನಿಯಷ್ಟು ನೀರು; ತಲೆ ವಾಲಿದರೆ ಅದೂ ವಾಲಿ ಸುದ್ದಿ ಮುಟ್ಟಿಸುತ್ತದೆ. ಮೂವರ ಮಾತನ್ನೂ ಕೂಡಿಸಿ ನೋಡಿ ಮೆದುಳು ತೀರ್ಮಾನ ಹೇಳುತ್ತದೆ, ಆ ತೀರ್ಮಾನವನ್ನೇ ನಾವು 'ನಿಂತಿದ್ದೇನೆ' ಎಂದುಕೊಳ್ಳುತ್ತೇವೆ. ಎದೆಯ ರೋಗ ಕೊಂದ ಔಷಧಿ ನಿನ್ನ ಮೂರನೆಯವನನ್ನೂ ಕೊಂದಿದೆ. ಅವನು ಮತ್ತೆ ಬರುವವನಲ್ಲ.

"ಇಬ್ರು ಉಳ್ಕೊಂಡಿದಾರಲ್ಲ ಸ್ವಾಮಿ," ಎಂದ ತವಸಿಮುತ್ತು.

"ಇದಾರೆ. ಇಬ್ರೂ ಒಂದೇ ಮಾತು ಹೇಳೋವರೆಗೆ ತೊಂದರೆ ಇಲ್ಲ. ಕತ್ತಲಾದ್ರೆ ಒಬ್ಬ ಕಮ್ಮಿ. ಇಬ್ರೂ ಜಗಳಕ್ಕೆ ಬಿದ್ರೆ ಯಾರದು ಸುಳ್ಳು ಅಂತ ಹೇಳೋನು ನಿನ್ನ ಹತ್ರ ಇಲ್ಲ. ಕಣ್ಣು ಬಿಟ್ಕೊಂಡಿರು. ಮರ ಹತ್ತಬೇಡ."

ಬಸ್ಸಿನಲ್ಲಿ ಊರು ಹತ್ತಿರ ಬಂದಾಗ, ಹತ್ತಬೇಡ ಅಂದರು, ಹತ್ತದೆ ಏನು ಮಾಡಬೇಕು ಅಂತ ಹೇಳಲಿಲ್ಲವಲ್ಲ ಎಂದು ಅನ್ನಪಳಂ ಅಂದಳು. ಅದು ಇಬ್ಬರಿಗೂ ಗೊತ್ತಿದ್ದ ಮಾತೇ. ಮರ ಬಿಟ್ಟವರಿಗೆ ಇದ್ದದ್ದು ತೂತ್ತುಕುಡಿಯ ಉಪ್ಪಿನ ಗದ್ದೆ. ಒಂದಡಿ ಅಗಲದ ಬದುವಿನ ಮೇಲೆ, ಕಣ್ಣು ಕುಕ್ಕುವ ಬಿಳುಪಿನ ನಡುವೆ, ತಲೆಯ ಮೇಲೆ ಬುಟ್ಟಿ ಹೊತ್ತು ನಡೆಯುವ ಕೆಲಸ. ನೆಲದ ಮೇಲಿನ ಯಾವ ಕೆಲಸವೂ ಇನ್ನು ಅವನಿಂದ ಆಗದು. ಅವನಿಗೆ ಉಳಿದಿದ್ದ ಒಂದೇ ಗಟ್ಟಿ ಜಾಗ ಮರ. ಮರ ಹೋದರೆ ಎರಡು ಹೊಟ್ಟೆ ತುಂಬುವ ದಾರಿ ಹೋದಂತೆ.

ಆದ್ದರಿಂದ ಡಾಕ್ಟರು ಹೇಳಿದ್ದನ್ನು ಯಾರಿಗೂ ಹೇಳುವುದು ಬೇಡವೆಂದು ನಿರ್ಧರಿಸಿದರು. ಕುಡುಕ ಎಂದರೆ ಮರ ಹೋಗುತ್ತದೆ. ರೋಗಿ ಎಂದರೂ ಹೋಗುತ್ತದೆ. ಕುಡುಕ ಅಲ್ಲವೆಂದು ಮಡಕೆ ತೋರಿಸಬಹುದು, ರೋಗಿಯಲ್ಲವೆಂದು ತೋರಿಸಲು ಏನಿದೆ?

ಆ ಕಡೆ ಮರ ಕೊಡುವುದು ಬಾಯಿಮಾತಿನಲ್ಲಿ. ತೋಪಿನ ಯಜಮಾನ ಋತುವಿನ ಮೊದಲ ದಿನ ತೋಪಿನಲ್ಲಿ ಅಡ್ಡಾಡಿ, ಒಂದೊಂದು ಕಾಂಡವನ್ನೂ ಅಂಗೈಯಿಂದ ತಟ್ಟಿ, ಇದು ನಿನ್ನದು ಎನ್ನುತ್ತಾನೆ. ಕಿತ್ತುಕೊಳ್ಳುವುದಕ್ಕೂ ಮಾತು ಬೇಕಿಲ್ಲ. ಸೊಂಟದಲ್ಲಿ ಕಟ್ಟಿದ ಕತ್ತಿಯ ಒರೆಯನ್ನು ತನ್ನ ಕೈಯಿಂದ ಬಿಚ್ಚಿ ತೆಗೆದುಕೊಂಡರೆ ಮುಗಿಯಿತು. ಹಾಗೆ ಬಿಚ್ಚಿಸಿಕೊಂಡವನಿಗೆ ಸುತ್ತಿನ ಯಾವ ತೋಪಿನಲ್ಲಿಯೂ ಮರ ಸಿಗದು.

ಯಜಮಾನ ಶಿವಣೈಂದ ನಾಡಾರ್ ನಡುಬೇಸಗೆಯ ಚಿತ್ತಿರೈ ತಿಂಗಳ ಒಂದು ಮಧ್ಯಾಹ್ನ ಗುಡಿಸಲಿಗೆ ಬಂದ. ದೊಡ್ಡ ದೇಹ, ಸಣ್ಣ ದನಿ. ಅನ್ನಪಳಂ ಗರಿಯ ದೊನ್ನೆಯಲ್ಲಿ ನೀರಾ ಕೊಟ್ಟಳು. ಅವನು ಕುಡಿಯದೆ ಪಕ್ಕಕ್ಕಿಟ್ಟು, ಸಾಲಾಗಿ ಬೋರಲಿಟ್ಟ ಮಡಕೆಗಳನ್ನು ಎತ್ತಿ ಒಳಗೆ ಬೆರಳಾಡಿಸಿ ನೋಡಿದ. ಬೆರಳಿಗೆ ಬಿಳಿ ಹತ್ತಿತು. ಮೂಸಿದ. ಸುಣ್ಣ ಬಿಟ್ಟು ಬೇರೆ ವಾಸನೆ ಇಲ್ಲ. ಅವನ ಮುಖದಲ್ಲಿ ಸಮಾಧಾನಕ್ಕಿಂತ ಅನುಮಾನವೇ ಹೆಚ್ಚಾಯಿತು.

"ಸುಣ್ಣ ಸರಿಯಾಗಿದೆ. ಹಾಗಾದ್ರೆ ನಿನ್ನ ಕಾಲಿಗೆ ಕುಡಿಸಿದ್ದು ಏನಪ್ಪ?"

ಆಸ್ಪತ್ರೆಯ ನಿಶ್ಶಕ್ತಿ ಎಂದ ತವಸಿಮುತ್ತು. ಯಜಮಾನ ತಲೆಯಾಡಿಸಿದ. ಕೆಟ್ಟವನಲ್ಲ ಅವನು, ಆದರೆ ಹಿಂದಿನ ವರ್ಷದ ಬೇಲಿ ಅವನ ಕಣ್ಣಿನಿಂದ ಹೋಗಿರಲಿಲ್ಲ, ಮೇಲಾಗಿ ತನ್ನ ತೋಪಿನಲ್ಲಿ ಒಬ್ಬ ಬಿದ್ದು ಸತ್ತರೆ ಆ ಹೆಣ ತನ್ನ ಬಾಗಿಲಿಗೇ ಬರುತ್ತದೆಂಬ ಭಯವೂ ಇತ್ತು. ನಾಳೆ ಸಂಜೆ ಬರುತ್ತೇನೆ, ನನ್ನ ಕಣ್ಣೆದುರು ನಿನ್ನ ಮರಗಳನ್ನೆಲ್ಲ ಹತ್ತಿ ಇಳಿ, ಕಾಲು ತಪ್ಪಿತೋ ಒರೆ ಬಿಚ್ಚುತ್ತೇನೆ ಎಂದು ಹೇಳಿ ಎದ್ದ. ಹೋಗುವಾಗ ದೊನ್ನೆಯ ನೀರಾ ಕುಡಿದು, ಚೆನ್ನಾಗಿದೆ ಎಂದು ಅನ್ನಪಳಂಗೆ ಹೇಳಿ ಹೋದ.

ಆ ದಿನ ಗಾಳಿ ತಿರುಗಿ ಗುಡಿಸಲಿನ ತುಂಬ ಹೊಗೆ ಕವಿದಿತ್ತು. ಬಾಣಲೆಯಲ್ಲಿ ನೀರಾ ಪಾಕಕ್ಕೆ ಬರುವ ಹೊತ್ತು. ಒಂದು ಉಸಿರು ಮೊದಲಾದರೆ ಬೆಲ್ಲ ಅಂಟು, ಒಂದು ಉಸಿರು ತಡವಾದರೆ ಕಹಿ. ತವಸಿಮುತ್ತು ಮೂಲೆಯಲ್ಲಿ ಕುಳಿತು ನೋಡುತ್ತಿದ್ದ. ಅನ್ನಪಳಂ ಬಾಣಲೆಯ ಕಡೆ ನೋಡುತ್ತಲೇ ಇರಲಿಲ್ಲ. ಮುಖ ತಿರುಗಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, ಮರದ ಹುಟ್ಟಿನಿಂದ ತಿರುವುತ್ತ ಕಿವಿಗೊಟ್ಟಿದ್ದಳು. ಗುಳ್ಳೆಗಳ ಸಳಸಳ ಸದ್ದು ದಪ್ಪವಾಗಿ ಗೊಜಗೊಜ ಎನ್ನತೊಡಗಿದಾಗ ಬಾಣಲೆ ಇಳಿಸಿಬಿಟ್ಟಳು. ನೊರೆ ನೋಡದೆ ಹೇಗೆ ಇಳಿಸಿದೆ ಎಂದು ಅವನು ಕೇಳಿದ.

"ಹೊಗೇಲಿ ನೊರೆ ಕೆಂಪಗೇ ಕಾಣತ್ತೆ, ಆಗದೇ ಇದ್ರೂ ಆದಂಗೆ. ನೋಡ್ತಾ ಕೇಳಿದ್ರೆ ಕಿವೀನೂ ಕಣ್ಣಿನ ಮಾತೇ ಕೇಳತ್ತೆ. ಅದಕ್ಕೆ ಮುಚ್ಕೋತೀನಿ," ಎಂದಳು. ಆಮೇಲೆ ತೆಂಗಿನ ಚಿಪ್ಪುಗಳಿಗೆ ಬೆಲ್ಲ ಹೊಯ್ಯುವುದರಲ್ಲಿ ಮುಳುಗಿದಳು.

ಮರುದಿನ ಸಂಜೆ ಯಜಮಾನ ಬಂದು ಬಿದ್ದ ತಾಳೆಕಾಂಡದ ಮೇಲೆ ಕುಳಿತಾಗ ಬಿಸಿಲು ಇನ್ನೂ ಚುರುಕಾಗಿತ್ತು. ತವಸಿಮುತ್ತು ಒರೆ ಬಿಗಿದು, ಮೊದಲ ಮೆಟ್ಟಿಲಾಗುವ ಊರುಗೋಲನ್ನು ಕಾಂಡಕ್ಕೆ ಒರಗಿಸಿ ಮೊದಲ ಮರ ಹತ್ತಿದ. ಹೊಂಬಾಳೆಯ ತುದಿಯನ್ನು ತೆಳ್ಳಗೆ ಕೊಯ್ದು, ಸುಣ್ಣ ಬಳಿದ ಮಡಕೆ ಕಟ್ಟಿ ಇಳಿದ. ಎರಡನೆಯದು, ಅದರ ಪಕ್ಕದ್ದು. ಮರದಿಂದ ಮರಕ್ಕೆ ನಡೆಯುವುದೇ ಕಷ್ಟವಾಗಿತ್ತು. ಮರಳಿನ ಮೇಲೆ ಯಜಮಾನನ ಮುಖ ಕುಣಿಯುತ್ತಿತ್ತು. ತವಸಿಮುತ್ತು ನಿಧಾನವಾಗಿ, ನೆಲದ ಒಂದೇ ಚುಕ್ಕೆಯ ಮೇಲೆ ದೃಷ್ಟಿ ನೆಟ್ಟು ನಡೆದ. ನಡೆಯುವಾಗ ವಾಲಿದ್ದನ್ನು ಯಜಮಾನ ನೋಡಿದ. ಹತ್ತುವುದರಲ್ಲಿ ತಪ್ಪು ಹೇಳುವಂಥದ್ದೇನೂ ಇರಲಿಲ್ಲ.

ಕೊನೆಗೆ ಉಳಿದದ್ದು ದಿಬ್ಬದ ನೆತ್ತಿಯ ಮೇಲಿನ, ಊರವರು ನೆಟ್ಟಮರವೆಂದು ಕರೆಯುತ್ತಿದ್ದ ಮರ. ತವಸಿಮುತ್ತುವಿನ ತಂದೆ ಹತ್ತುತ್ತಿದ್ದ ಮರ ಅದು, ಸುತ್ತಿನ ಮರಗಳಿಗಿಂತ ಒಂದಾಳು ಎತ್ತರ. ಅದರ ಪಕ್ಕದ ಮರದಲ್ಲಿ ಸುಯಂಬು ಆಗಲೇ ಮೇಲೆ ಕುಳಿತು ಕೊಯ್ಯುತ್ತಿದ್ದ. ಸೂರ್ಯ ಇಳಿದಿದ್ದ. ಆಕಾಶದಲ್ಲಿ ಕೆಂಪು ಉಳಿದಿತ್ತು, ಕಡಲ ಕಡೆಯಿಂದ ಬೇಸಗೆಯ ಮೋಡ ಏಳುತ್ತಿತ್ತು. ಗಾಳಿ ಇರಲಿಲ್ಲ, ಎಲೆ ಅಲುಗದಷ್ಟು ಬಿಗಿಯಾದ ಸೆಕೆ. ಇವತ್ತಿಗೆ ಇದೊಂದು ಬಿಡು ಎಂದು ಅನ್ನಪಳಂ ಗುಡಿಸಲಿನ ಬಾಗಿಲಿನಿಂದ ಅಂದಳು. ಒಂದು ಹೊತ್ತು ಕೊಯ್ಯದಿದ್ದರೆ ಹೊಂಬಾಳೆಯ ಬಾಯಿ ಕಟ್ಟುತ್ತದೆ, ಅದು ಅವಳಿಗೂ ಗೊತ್ತು. ಅವನು ಹತ್ತಿದ.

ಅವನು ಗರಿಬುಡಗಳ ನಡುವೆ ಕಾಲು ಸಿಕ್ಕಿಸಿ ಕುಳಿತು, ತೋಳು ಬಿಡಿಸಿ, ಕತ್ತಿ ಹಿರಿದ. ಆಗ ಗಾಳಿ ಬಂತು.

ತೇರಿಯ ಕೆಂಪು ಧೂಳನ್ನು ಎತ್ತಿಕೊಂಡು ಕಡಲಗಾಳಿ ಒಮ್ಮೆಲೇ ಹೊಡೆಯಿತು. ಗಾಳಿ ಬಂದಾಗ ಏನು ಮಾಡಬೇಕೆಂದು ಅವನ ತಂದೆ ಹೇಳಿಕೊಟ್ಟಿದ್ದ: ಕೆಳಗೆ ನೋಡಬೇಡ, ಪಕ್ಕದ ಮರದ ತಲೆ ನೋಡು, ಅದು ನಿಂತ ಹಾಗೆ ನೀನೂ ನಿಂತಿರುತ್ತೀಯ. ಮರ ಹತ್ತುವವರೆಲ್ಲ ಕಲಿಯುವ ಮೊದಲ ಪಾಠ ಅದು. ಅವನು ಯೋಚಿಸದೆ ಸುಯಂಬುವಿನ ಮರದ ತಲೆ ನೋಡಿದ. ಆ ಮರ ಅವನಿಂದ ದೂರಕ್ಕೆ ಬಾಗುತ್ತಿತ್ತು. ಅದರ ಆಚೆಯ ಮರವೂ, ಅದರ ಆಚೆಯದೂ. ಇಡೀ ತೋಪಿನ ತಲೆಗಳು ಒಂದೇ ಕಡೆಗೆ ಹರಿದವು, ಅವುಗಳ ಮೇಲೆ ಮೋಡವೂ ಅದೇ ಕಡೆಗೆ ಹರಿಯಿತು.

ಅವನಿಗೆ ತಾನು ಹಿಂದಕ್ಕೆ ಬೀಳುತ್ತಿರುವಂತೆ ಕಂಡಿತು. ಕಂಡಿತು ಎನ್ನುವುದಲ್ಲ, ಬೀಳುತ್ತಿದ್ದ. ಬೆನ್ನು, ಹೊಟ್ಟೆ, ಕುತ್ತಿಗೆ ಎಲ್ಲವೂ ಅದನ್ನೇ ನಂಬಿದವು. ಬೀಳುವವನು ಮಾಡುವುದನ್ನೇ ಅವನ ಮೈ ಮಾಡಿತು; ಭಾರವನ್ನೆಲ್ಲ ಮುಂದಕ್ಕೆ ಎಸೆಯಿತು. ಎಡಗಾಲು ಗರಿಬುಡದಿಂದ ಕಳಚಿ ಗಾಳಿಯಲ್ಲಿ ತೂಗಾಡಿತು. ಗರಗಸದಂಥ ಗರಿಯಂಚು ತೊಡೆಯನ್ನು ಸೀಳಿತು.

ಪಕ್ಕದ ಮರದಿಂದ ಸುಯಂಬುವಿನ ದನಿ ಬಂತು. ನಗೆ ಅದರಲ್ಲಿ ಇರಲಿಲ್ಲ.

"ಭಾವ, ಎಲ್ಲಿಗ್ ಹೋಗ್ತಿದೀಯ? ಮರ ನಿನ್ನ ಹಿಂದಿದೆ."

ತವಸಿಮುತ್ತು ಸಿಕ್ಕಿದ ಗರಿಬುಡವನ್ನು ತಬ್ಬಿದ. ಕಣ್ಣು ಹೇಳುತ್ತಿತ್ತು: ಬೀಳುತ್ತಿದ್ದೀಯ, ಇನ್ನೂ ಮುಂದಕ್ಕೆ ಹೋಗು. ಬಲಗಾಲು ಹೇಳುತ್ತಿತ್ತು: ನಾನು ಊರಿದ್ದೇನೆ, ಇಲ್ಲೇ ಇದ್ದೇನೆ. ಮುಂದಕ್ಕೆ ಹೋಗಲು ಮುಂದೆ ಮರವಿರಲಿಲ್ಲ, ಧೂಳು ಇತ್ತು. ಕಣ್ಣು ಬಿಟ್ಟುಕೊಂಡಿರು ಎಂದಿದ್ದರು ಡಾಕ್ಟರು. ಮುಚ್ಚಿದರೆ ಬಾವಿಕಟ್ಟೆಯಂತೆ ಇಲ್ಲಿಯೂ ಕಂಬವಾಗಿ ಕಳಚಿಕೊಳ್ಳುವುದಿಲ್ಲವೆಂದು ಹೇಳುವವರು ಯಾರು? ಮರಗಳು ಮತ್ತೊಮ್ಮೆ ಬಾಗಿದವು, ಅವನ ಮೈ ಮತ್ತೊಮ್ಮೆ ಮುಂದಕ್ಕೆ ನೂಕಿತು. ಕೈ ಜಾರಿತು.

ಹೊಗೆಯಲ್ಲಿ ಮುಖ ತಿರುಗಿಸಿ ಕಣ್ಣು ಮುಚ್ಚಿದ್ದ ಅನ್ನಪಳಂ ಅವನಿಗೆ ಆಗ ನೆನಪಿಗೆ ಬಂದಳು. ಅವನು ಕೆನ್ನೆಯನ್ನು ಕಾಂಡಕ್ಕೆ ಒತ್ತಿ ಕಣ್ಣು ಮುಚ್ಚಿದ.

ಬೀಳುವುದು ನಿಂತಿತು. ತಕ್ಷಣವಲ್ಲ, ತಿರುಗಣಿ ನಿಲ್ಲುವ ಹಾಗೆ ಒಂದೆರಡು ಸುತ್ತು ಸುತ್ತಿ ನಿಂತಿತು. ಆಮೇಲೆ ಒಬ್ಬೊಬ್ಬರಾಗಿ ಉಳಿದ ಸಾಕ್ಷಿಗಳು ಮಾತಾಡತೊಡಗಿದರು. ಕೆನ್ನೆಯ ಕೆಳಗೆ ಒರಟು ತೊಗಟೆ. ಎದೆಗೆ ಒತ್ತಿದ ಗರಿಬುಡ. ಬಲ ಅಂಗಾಲಿನಡಿ ಮೊನೆಯಾದ ಅಂಚು, ಮೊಣಕಾಲಿನ ಒಳಮಗ್ಗುಲಲ್ಲಿ ಬಿಗಿತ. ಮರವೂ ತೂಗುತ್ತಿತ್ತು, ಆದರೆ ಕಣ್ಣು ಹೇಳಿದಂತಲ್ಲ. ಮಲಗಿದ ಎಮ್ಮೆಯ ಪಕ್ಕೆಯಂತೆ, ನಿಧಾನವಾಗಿ ಅತ್ತ, ನಿಧಾನವಾಗಿ ಇತ್ತ. ತೂಗಾಡುತ್ತಿದ್ದ ಎಡಗಾಲು ತನ್ನ ಜಾಗವನ್ನು ತಾನೇ ಹುಡುಕಿಕೊಂಡು ಬಂದು ಊರಿತು.

ಆಗಲೇ ಇಳಿಯಬಹುದಿತ್ತು. ಅವನು ಇಳಿಯಲಿಲ್ಲ. ಕೆನ್ನೆಯನ್ನು ತೆಗೆಯದೆ ಕೈಚಾಚಿ ಹೊಂಬಾಳೆ ಹಿಡಿದ. ಹೆಬ್ಬೆರಳನ್ನು ಅದರ ತುದಿಗೆ ಇಟ್ಟು, ಉಗುರಿನ ಮೇಲೆ ಕತ್ತಿ ಓಡಿಸಿದ. ಈರುಳ್ಳಿಯ ಹೊರಸಿಪ್ಪೆಯಷ್ಟು ತೆಳುವಾದ ಚೂರು ಬೆರಳಿನ ಮೇಲೆ ಬಿತ್ತು. ಅದರ ಹಿಂದೆಯೇ ತಣ್ಣನೆಯ ಹನಿ. ಮಡಕೆಯೊಳಗೆ ಸುಣ್ಣ ಬಳಿದು, ಬಾಯಿ ಹೊಂದಿಸಿ, ನಾರು ಬಿಗಿದ. ಆಮೇಲೆ ಇಳಿಯತೊಡಗಿದ. ಊರುಗೋಲು ಕಾಲಿಗೆ ತಾಗುವ ತನಕ ಅವನು ಕಣ್ಣು ತೆರೆಯಲಿಲ್ಲ.

ತೆರೆದಾಗ ಬೆಳಕು ಹೋಗಿತ್ತು. ಅವನು ಮರ ಬಿಟ್ಟು ಯಜಮಾನನ ಕಡೆಗೆ ಎರಡು ಹೆಜ್ಜೆ ಇಟ್ಟ. ಮರಳು ಮೆತ್ತಗೆ, ಸುತ್ತ ಕಪ್ಪು, ಹಿಡಿಯಲು ಏನೂ ಇಲ್ಲ. ಶಿವಣೈಂದ ನಾಡಾರನ ಕಾಲಬುಡದಲ್ಲಿ, ಸಮನೆಲದ ಮೇಲೆ, ಕಡಿದ ಕಂಬದಂತೆ ಬಿದ್ದ.

ಯಜಮಾನ ಬಾಗಿ ಅವನ ಬಾಯಿ ಮೂಸಿದ. ಬೆವರು, ಸುಣ್ಣ, ಮಧ್ಯಾಹ್ನ ತಿಂದ ಒಣಮೀನು. ಅಷ್ಟೇ. ಅನ್ನಪಳಂ ಉರಿಯುವ ಗರಿಯ ಸೂಡಿ ಹಿಡಿದುಕೊಂಡು ಓಡಿ ಬಂದಳು. ಆ ಬೆಳಕಿನಲ್ಲಿ ತವಸಿಮುತ್ತು ತೆವಳಿ ಮರದ ಹತ್ತಿರ ಹೋಗಿ, ಒಂದು ಕೈ ಕಾಂಡದ ಮೇಲಿಟ್ಟು ಕುಳಿತ. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಔಷಧಿ, ಕಿವಿ, ಬಾವಿಕಟ್ಟೆ, ಡಾಕ್ಟರು ಹೇಳಿದ ಮೂವರು ಸಾಕ್ಷಿಗಳು, ಹತ್ತಬೇಡ ಎಂದದ್ದು, ಎಲ್ಲವನ್ನೂ ಹೇಳಿದ.

ಎಲ್ಲ ಕೇಳಿಸಿಕೊಂಡ ಯಜಮಾನ ಕುಕ್ಕರುಗಾಲಿನಲ್ಲಿ ಕುಳಿತು, ತವಸಿಮುತ್ತುವಿನ ಸೊಂಟಕ್ಕೆ ಕೈಹಾಕಿ ಒರೆಯ ಗಂಟಿನ ಮೇಲೆ ಬೆರಳಿಟ್ಟ. ತವಸಿಮುತ್ತು ತಡೆಯಲಿಲ್ಲ. ಗಂಟು ಬಿಚ್ಚಲು ಅನುಕೂಲವಾಗಲೆಂದು ಸ್ವಲ್ಪ ಪಕ್ಕಕ್ಕೆ ತಿರುಗಿಯೂ ಕುಳಿತ.

ಸುಯಂಬು ಅಷ್ಟರಲ್ಲಿ ತನ್ನ ಮರದಿಂದ ಇಳಿದು ಬಂದಿದ್ದ. ಯಾರೂ ಕೇಳದಿದ್ದರೂ ಅವನೇ ಮಾತಾಡಿದ.

"ಅಣ್ಣಾಚಿ, ಸ್ವಲ್ಪ ತಡೀರಿ. ಇವನು ಮೇಲೆ ಕಣ್ಣು ಮುಚ್ಕೊಂಡೇ ಕೊಯ್ದ. ಆ ಗಾಳೀಲಿ ಕಣ್ಣು ಬಿಟ್ಕೊಂಡು ನನ್ನ ಕೈಲಿ ಆಗ್ಲಿಲ್ಲ, ಕತ್ತಿ ಒರೆಗೆ ಹಾಕ್ಬಿಟ್ಟೆ."

ಯಜಮಾನ ತಲೆಯೆತ್ತಿ ಮರದ ನೆತ್ತಿ ನೋಡಿದ. ಕತ್ತಲಲ್ಲಿ ಏನೂ ಕಾಣುತ್ತಿರಲಿಲ್ಲ. ಮೇಲಿನ ಮಡಕೆಯೊಳಗೆ ಹನಿ ಬೀಳುವ ಸದ್ದು ಕೇಳುವಂಥದ್ದಲ್ಲ, ಆದರೂ ಅವನು ಕೇಳಿಸಿಕೊಳ್ಳುವವನಂತೆ ಕುಳಿತಿದ್ದ.

"ಬಾವಿ ಹತ್ರ ನಗಾಡಿದ್ದೂ ನೀನೇ ತಾನೆ?" ಎಂದು ಸುಯಂಬುವನ್ನು ಕೇಳಿದ.

"ಹೌದಣ್ಣಾಚಿ, ನಾನೇ."

ಗಂಟಿನ ಮೇಲಿನ ಬೆರಳು ಸರಿಯಿತು. "ನೆಟ್ಟಮರ ಇವತ್ತಿಂದ ಇವನಿಗೆ," ಎಂದು ಯಜಮಾನ ಸುಯಂಬುವಿನ ಕಡೆ ಗದ್ದ ತೋರಿಸಿದ. "ಉಳಿದದ್ದು ನಿನಗೇ ಇರ್ಲಿ. ಗಾಳಿ ಎದ್ದ ದಿನ ಹತ್ತಬಾರ್ದು, ಹೊತ್ತು ಮುಳುಗೋದ್ರೊಳಗೆ ಕೆಳಗಿರಬೇಕು. ನಾನು ಮರ ಕೊಡೋದು ಹತ್ತೋನಿಗೆ ತವಸಿ, ನಡೆಯೋನಿಗಲ್ಲ."

ತಂದೆಯ ಮರ ಹೋಯಿತೆಂದು ತವಸಿಮುತ್ತು ಆ ರಾತ್ರಿ ಊಟ ಮಾಡಲಿಲ್ಲ. ಅನ್ನಪಳಂ ಒತ್ತಾಯ ಮಾಡಲಿಲ್ಲ. ಅವಳು ಸೂಡಿಯ ಬೆಳಕಿನಲ್ಲಿ ಕುಳಿತು ಗರಿದಿಂಡಿನ ನಾರು ಬಿಡಿಸಿ ಹೊಸೆಯುತ್ತಿದ್ದಳು. ಯಾಕೆಂದು ಅವನು ಕೇಳಿದರೆ, ಆಸ್ಪತ್ರೆಯ ಮೇಜಿನ ಅಂಚು ನೆನಪಿಲ್ಲವೇ ಎಂದಳು.

ಆ ವಾರವೆಲ್ಲ ಹೊಸೆದ ಹಗ್ಗವನ್ನು ಅವಳು ಗುಡಿಸಲಿನ ಕಂಬದಿಂದ ಮೊದಲ ಮರಕ್ಕೆ, ಅಲ್ಲಿಂದ ಮುಂದಿನದಕ್ಕೆ, ಹೀಗೆ ಗಂಡನ ಮರಗಳನ್ನೆಲ್ಲ ಸುತ್ತಿ ಸೊಂಟದೆತ್ತರಕ್ಕೆ ಕಟ್ಟಿದಳು. ಅವನ ಭಾರ ತಡೆಯುವ ಹಗ್ಗವಲ್ಲ ಅದು. ಹಿಡಿದು ಜೋತುಬಿದ್ದರೆ ಹರಿದೇ ಹೋಗುತ್ತಿತ್ತು. ಅವನು ಹಿಡಿಯುತ್ತಿರಲಿಲ್ಲ, ನಡೆಯುವಾಗ ಒಂದು ಬೆರಳನ್ನು ಅದರ ಮೇಲೆ ಜಾರಿಸಿಕೊಂಡು ಹೋಗುತ್ತಿದ್ದ. ಅಷ್ಟಕ್ಕೇ ಅವನ ನಡಿಗೆ ನೆಟ್ಟಗಾಗುತ್ತಿತ್ತು, ಮಬ್ಬುಗತ್ತಲಲ್ಲಿಯೂ. ತವಸಿಯ ರೈಲುದಾರಿ ಎಂದು ಸುಯಂಬು ಅದಕ್ಕೆ ಹೆಸರಿಟ್ಟ. ಬೆಳಗಿನ ಜಾವ ಯಾರೂ ನೋಡದಿದ್ದಾಗ ತಾನೂ ಅದನ್ನು ಸವರಿಕೊಂಡು ಹೋಗುತ್ತಿದ್ದನೆಂದು ಅವನ ಹೆಂಡತಿಯೇ ಊರಿಗೆಲ್ಲ ಹೇಳಿದಳು.

ತವಸಿಮುತ್ತು ಕೂದಲು ನೆರೆಯುವ ತನಕ ಮರ ಹತ್ತಿದ. ನೆಟ್ಟಮರವನ್ನು ಮಾತ್ರ ಮತ್ತೆ ಹತ್ತಲಿಲ್ಲ. ಗಾಳಿಯ ಸಂಜೆಗಳಲ್ಲಿ ತನ್ನ ಕೆಲಸ ಬೇಗ ಮುಗಿಸಿ ಬಂದು, ಅದರ ಬುಡದಲ್ಲಿ ಕಾಂಡಕ್ಕೆ ಅಂಗೈ ಒತ್ತಿ ನಿಲ್ಲುತ್ತಿದ್ದ. ಮೇಲೆ ಸುಯಂಬು ಇರುತ್ತಿದ್ದ. ಕಾಂಡದೊಳಗಿನ ತೂಗಾಟ ಜೋರಾದರೆ, ಕಣ್ಣು ಮುಚ್ಚಿಕೋ ಎಂದು ಕೆಳಗಿನಿಂದ ಒಂದು ಮಾತು ಹೇಳುತ್ತಿದ್ದ. ಸುಯಂಬು ಬೈಯುತ್ತಿದ್ದ, ಆದರೆ ಮುಚ್ಚಿಕೊಳ್ಳುತ್ತಿದ್ದ.

ಬಾವಿಕಟ್ಟೆಯಲ್ಲಿ ಅವನಿಗೆ ಜಾಗ ಬಿಡುವುದು ಆಮೇಲೆ ಊರಿನ ರೂಢಿಯಾಯಿತು. ರಾಟೆಯ ಕಲ್ಲುಗಂಬದ ಪಕ್ಕದ ಜಾಗ ಅವನದು. ಚೊಂಬು ಬಲಗೈಯಲ್ಲಿ, ಎಡಗೈಯ ಒಂದು ಬೆರಳು ಕಂಬದ ಮೇಲೆ. ತಲೆಗೆ ನೀರು ಸುರಿದುಕೊಂಡು, ಕಣ್ಣು ಮುಚ್ಚಿ, ಬೇಕಾದಷ್ಟು ಹೊತ್ತು ಮುಖ ತೊಳೆಯುತ್ತಿದ್ದ.